ಕೇಳ್ರಿ ಹೇಳ್ತೀವಿ: ಡಾಕ್ಟರ್‌ ಸಂಘದಾಗ ಡೇಟಾಬೇಸ್ ನೌಕರಿ

ಈ ಸಲ ಬಂದ ಪತ್ರದಾಗ ಒಂದೇ ದಾರಿಯವು ಒಂದಿಷ್ಟು ಕೂಡಿ ಬಂದಾವು, ಅದಕ್ಕ ಅವನ್ನಷ್ಟ ತಗೊಂಡೀನಿ. ಸೈಟು, ಲೋನು, ಮದುವಿ ಪ್ರಶ್ನೆ ಕಳಿಸಿದವ್ರು ಮುಂದಿನ ಸಂಚಿಕಿ ತನಕ ತಡೀರಿ.

ಪ್ರಶ್ನೆ: ಅಣ್ಣಾರ, ನಮಸ್ಕಾರ. ನಾನು ಗದಗಿನಾಕಿ, ಬಿಸಿಎ ಮುಗಿಸೀನಿ. ಹುಬ್ಬಳ್ಳಿಯೊಳಗ ಡಾಕ್ಟರ್‌ಗಳ ಒಂದು ಸಂಘದ ಆಫೀಸಿನ್ಯಾಗ ಡೇಟಾಬೇಸ್ ಸಪೋರ್ಟ್ ಅಂತ ಕೆಲಸ ಸಿಕ್ಕೈತಿ. ಮೆಂಬರ್ಸ್ ಲಿಸ್ಟ್ ನೋಡ್ಕೊಳ್ಳೂದು, ಫೀ ರಿನ್ಯೂವಲ್, ಮೇಲ್ ಕಳ್ಸೂದು, ರಿಪೋರ್ಟ್ ತಗಿಯೂದು ಅಂತ ಹೇಳ್ಯಾರ. ಅಪ್ಪಾಜಿ ಇದೇನು ಗುಮಾಸ್ತಿಕಿ, ಬೆಂಗಳೂರಿಗೆ ಹೋಗು ಅಂತಾರ. ಅವ್ವ ಧಾರವಾಡದ ಸಪ್ತಾಪುರದಾಗ ಕೋಚಿಂಗ್ ಹಚ್ಚು, ಎಫ್‌ಡಿಎ ಬರಿ ಅಂತಾಳ. ಗೆಳತ್ಯಾರು ಎಐ ಬಂದ ಮ್ಯಾಲ ಇಂಥಾ ಕೆಲಸ ಉಳಿಯೂದಿಲ್ಲ ಅಂತಾರ. ಇದ್ರಾಗ ಮುಂದ ಬರಾಕ ಆಗ್ತೈತೇನ್ರಿ?

ಉತ್ತರ: ತಂಗೀ, ಹೋಗಿ ಸೇರ್ಕೊ. ಆದ್ರ ಎಲ್ಲಿ ಸೇರಾಕತ್ತೀನಿ ಅನ್ನೂದು ಗೊತ್ತಿದ್ದು ಸೇರ್ಕೊ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಡಾಕ್ಟರ್‌ಗೆ ಪ್ರಾಕ್ಟೀಸ್ ಮಾಡಾಕ ಬೇಕಾಗೂದು ಕೌನ್ಸಿಲ್ ರಿಜಿಸ್ಟ್ರೇಶನ್. ನಮ್ಮ ರಾಜ್ಯಕ್ಕ ಕರ್ನಾಟಕ ಮೆಡಿಕಲ್ ಕೌನ್ಸಿಲ್ ಐತಿ, ದೇಶದ ಮಟ್ಟದಾಗ ಹಳೇ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ ಹೋಗಿ 2020ರಾಗ ನ್ಯಾಷನಲ್ ಮೆಡಿಕಲ್ ಕಮಿಷನ್ ಬಂತು. ಅದು ಕಾಯ್ದೆ, ಅದಿಲ್ಲದ ಬೋರ್ಡ್ ಹಾಕಂಗಿಲ್ಲ. ಸಂಘದ್ದು ಬ್ಯಾರೆ ಲೆಕ್ಕ. 1928ರಾಗ ಶುರುವಾದ ಇಂಡಿಯನ್ ಮೆಡಿಕಲ್ ಅಸೋಸಿಯೇಷನ್ ಆಗ್ಲಿ, ಮಕ್ಕಳ ಡಾಕ್ಟರ್‌ಗಳದ್ದು, ಎಲುಬಿನವ್ರದ್ದು, ಅನಸ್ತೇಶಿಯಾದವ್ರದ್ದು ಅಂತ ಇರೂ ಸಂಘ ಆಗ್ಲಿ, ಅಲ್ಲಿ ಡಾಕ್ಟರ್ ತಮ್ಮ ಮನಸ್ಸಿಗೆ ಬಂದು ರೊಕ್ಕ ಕಟ್ಟಿ ಸದಸ್ಯ ಆಗ್ತಾರ, ಬ್ಯಾಡಂದ್ರ ಬಿಡ್ತಾರ. ಬಿಟ್ರೂ ಅವ್ರ ಓಪಿಡಿ ನಡೀತೈತಿ. ಹಂಗಾಗಿ ಸಂಘದ ಹಾಲ್ ಸೋರಿದ್ರೂ ಒಂದು ಮಳಿಗಾಲ ತಳ್ಳಬಹುದು, ಸದಸ್ಯರ ಪಟ್ಟಿ ಕೆಟ್ರ ಸಂಘ ನಡಸಾಕಾಗೂದಿಲ್ಲ, ಮತ್ತ ಆ ಪಟ್ಟಿ ನಿನ್ನ ಕೈಯಾಗ ಇರ್ತೈತಿ. ಇದನ್ನ ನಿಮ್ಮಪ್ಪಾಜಿಗೆ ಹೇಳು.

ನಿನ್ನ ಕೆಲಸದಾಗ ದಿನಾ ಬರೂ ಪ್ರಶ್ನೆ ಒಂದೇ: ಇವ್ರು ಮೆಂಬರ್ ಹೌದೋ ಅಲ್ಲೋ, ಯಾವ ತಾರೀಖಿಗೆ? ಕಾನ್ಫರೆನ್ಸಿಗೆ ಮೆಂಬರ್ ರೇಟಿನ್ಯಾಗ ಬಿಡ್ಬೇಕಾ, ಜರ್ನಲ್ ಕಳಿಸ್ಬೇಕಾ, ಎಲೆಕ್ಷನ್ನಿನ್ಯಾಗ ಓಟು ಐತಾ, ತೀರಿಹೋದ್ರ ಮನಿಯವ್ರಿಗೆ ಸಂಘದ ಸ್ಕೀಮಿನ ರೊಕ್ಕ ಬರ್ತೈತಾ, ಎಲ್ಲಾ ಬಂದು ಇಲ್ಲೇ ನಿಲ್ತಾವು. ಭಾಳ ಮಂದಿ ಏನು ಮಾಡಿರ್ತಾರ ಅಂದ್ರ ಶೀಟಿನ್ಯಾಗ ಒಂದು ಕಾಲಂ ಇಟ್ಟು ಆಕ್ಟಿವ್, ಇನ್‌ಆಕ್ಟಿವ್ ಅಂತ ಬರ್ದು ಮುಗಿಸಿರ್ತಾರ. ಇವತ್ತು ರೊಕ್ಕ ಕಟ್ಟಿದ್ರ ಆಕ್ಟಿವ್. ಸರಿ, ಆದ್ರ ಓಟಿನ ಪಟ್ಟಿಗೆ ಮಾರ್ಚ್ 31ಕ್ಕ ಯಾರು ಮೆಂಬರ್ ಇದ್ರು ಅಂತ ಬೈಲಾ ಕೇಳಿದ್ರ? ನಿನ್ನೆ ಬಂದು ಬಾಕಿ ಕಟ್ಟಿದವ್ರ ಹೆಸರೂ ಅದ್ರಾಗ ಬಂದು ಕುಂದರ್ತೈತಿ, ಆಮ್ಯಾಲ ಸೋತವ್ರು ಸುಮ್ನಿರೂದಿಲ್ಲ. ಅದಕ್ಕ ಸೇರಿದ ತಾರೀಖು, ರಿನ್ಯೂ ಆದ ತಾರೀಖು, ಬಿಟ್ಟಿದ್ದು, ಮತ್ತ ಬಂದಿದ್ದು, ಪ್ರತಿಯೊಂದೂ ಬ್ಯಾರೆ ಬ್ಯಾರೆ ಸಾಲಾಗಿ, ರಸೀದಿ ನಂಬರ್ ಸಮೇತ ಉಳೀಬೇಕು. ಹಿಂದಿಂದನ್ನ ಅಳಿಸಿ ಮುಂದಿಂದನ್ನ ಬರಿಯೂದಲ್ಲ.

ಎರಡನೇದ್ದು, ಒಬ್ಬರೇ ಡಾಕ್ಟರ್ ಮೂರು ಸಲ ಇರೂದು. ನಮ್ಮ ಕಡೆ ಅಡ್ಡಹೆಸರಿನ ಕಥಿ ನಿನಗ ಗೊತ್ತ ಐತಿ. ಒಂದು ಕಡೆ ಪಾಟೀಲ ಮೊದಲು, ಇನ್ನೊಂದು ಕಡೆ ಕೊನೀಗೆ, ಒಂದು ಕಡೆ ಅಪ್ಪನ ಹೆಸರು ಪೂರ್ತಿ, ಮತ್ತೊಂದು ಕಡೆ ಬರೇ ಇನಿಶಿಯಲ್. ಮದುವಿ ಆದ ಮ್ಯಾಲ ಲೇಡಿ ಡಾಕ್ಟರ್ ಹೆಸರು ಬದ್ಲಾಗಿರ್ತೈತಿ. ಅದೇ ಇನಿಶಿಯಲ್ಲಿನ ಇಬ್ಬರು ಪಾಟೀಲರು ಖರೇನ ಬ್ಯಾರೆ ಬ್ಯಾರೆ ಇರೂದೂ ಉಂಟು. ಮೊಬೈಲ್ ನಂಬರ್ ಮ್ಯಾಲ ಗುರ್ತು ಹಿಡಿತೀನಿ ಅಂದ್ಯೋ, ಗಂಡ ಹೆಂಡ್ತಿ ಇಬ್ಬರೂ ಡಾಕ್ಟರು, ಒಂದೇ ನರ್ಸಿಂಗ್ ಹೋಮು, ಇಬ್ಬರಿಗೂ ಒಂದೇ ನಂಬರು, ಒಂದೇ ಇಮೇಲು. ಸಾಫ್ಟ್‌ವೇರ್ ಇಬ್ಬರನ್ನೂ ಕೂಡಿಸಿ ಒಬ್ಬರನ್ನ ಮಾಡಿ ಇಡ್ತೈತಿ! ರಿಜಿಸ್ಟ್ರೇಶನ್ ನಂಬರ್ ಹಿಡಿ, ಆದ್ರ ಬರೇ ನಂಬರ್ ಸಾಲೂದಿಲ್ಲ, ಯಾವ ಕೌನ್ಸಿಲ್ ಅನ್ನೂದೂ ಜೋಡಿ ಇರ್ಬೇಕು, ಮಹಾರಾಷ್ಟ್ರದಾಗ ಓದಿ ಅಲ್ಲೇ ರಿಜಿಸ್ಟರ್ ಆಗಿ ಬಂದವ್ರು ನಮ್ಮಲ್ಲಿ ಇರ್ತಾರ, ನಂಬರ್ ಒಂದೇ ಬಿದ್ದಿರಬಹುದು. ಇವೆಲ್ಲಾದ್ರ ಮ್ಯಾಲ ಸಂಘದ್ದ ಒಂದು ಸದಸ್ಯತ್ವ ನಂಬರ್ ಕೊಟ್ಟು, ಅದನ್ನ ಎಂದೂ ಬದ್ಲಿ ಮಾಡಂಗಿಲ್ಲ, ಇನ್ನೊಬ್ಬರಿಗೆ ಕೊಡಂಗಿಲ್ಲ.

ಊರಿನ ಹೆಸರು ಇನ್ನೊಂದು ತಲಿಬ್ಯಾನಿ. ಗದಗ, ಹಾವೇರಿ ಜಿಲ್ಲಾ ಆಗಿದ್ದು 1997ರಾಗ. ಅದಕ್ಕೂ ಮೊದಲು ಸೇರಿದವ್ರ ಅಡ್ರೆಸ್ಸಿನ್ಯಾಗ ಇನ್ನೂ ಜಿಲ್ಲಾ ಧಾರವಾಡ ಅಂತ ಇರ್ತೈತಿ, ನೀನು ಗದಗ ಜಿಲ್ಲಾ ಸದಸ್ಯರ ರಿಪೋರ್ಟ್ ತಗದ್ರ ಹಿರಿಯರೆಲ್ಲಾ ಬಿಟ್ಟು ಹೋಗಿರ್ತಾರ. 2014ರ ನವೆಂಬರಿನ್ಯಾಗ ಹುಬ್ಳಿ ಹೋಗಿ ಹುಬ್ಬಳ್ಳಿ ಆತು, ಬೆಳಗಾಂ ಹೋಗಿ ಬೆಳಗಾವಿ ಆತು, ಇಂಗ್ಲಿಷ್ ಸ್ಪೆಲ್ಲಿಂಗ್ ಎರಡೂ ಪಟ್ಟಿಯೊಳಗ ಇರ್ತಾವು. ಪಿನ್‌ಕೋಡ್ ನೋಡು, 5821ರಿಂದ ಶುರುವಾಗಿದ್ರ ಮೊದಲು ಗದಗ ಕಡೆದೇನು ಅಂತ ತಪಾಸ್ ಮಾಡು. ಇನ್ನ ಹಳೇ ಕನ್ನಡ ಪಟ್ಟಿ ನುಡಿ ಫಾಂಟಿನ್ಯಾಗ ಹೊಡ್ದಿದ್ರ, ಡೇಟಾಬೇಸಿಗೆ ಹಾಕಿದ ಕೂಡ್ಲೆ ಅಕ್ಷರ ಎಲ್ಲಾ ಕಸಕಸ ಆಗಿ ಕಾಣ್ತಾವು, ಮೊದಲು ಯೂನಿಕೋಡಿಗೆ (ಎಲ್ಲಾ ಕಂಪ್ಯೂಟರಿಗೂ ತಿಳಿಯೂ ಅಕ್ಷರ ಪದ್ಧತಿಗೆ) ಕನ್ವರ್ಟ್ ಮಾಡ್ಬೇಕು, ಮಾಡಿದ ಮ್ಯಾಲೂ ಒತ್ತಕ್ಷರ ಕಣ್ಣಿಲೆ ನೋಡಿ ತಿದ್ದಬೇಕು. ಬ್ಯಾಸರದ ಕೆಲಸ, ಆದ್ರ ಇದನ್ನ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಾವ ಬಂದು ಮಾಡಿಕೊಡೂದಿಲ್ಲ, ಅವಗ ಹಿರೇಮಠ ಯಾವ್ದು ಚಿಕ್ಕಮಠ ಯಾವ್ದು ತಿಳಿಯೂದಿಲ್ಲ.

ತೀರಿಹೋದವ್ರ ವಿಷಯ ಹೇಳ್ಲೇಬೇಕು. ನಾನು ಸಾಫ್ಟ್‌ವೇರ್ ಹಾಕಿಕೊಡಾಕ ಹೋಗಿದ್ದ ಒಂದು ಸಂಘದಾಗ, ತೀರಿಹೋದ ಡಾಕ್ಟರ್ ಒಬ್ಬರ ಮನಿಗೆ ವರ್ಷಾ ವರ್ಷಾ ಬಾಕಿ ಫೀ ನೋಟೀಸು ಹೋಗ್ತಿತ್ತು. ಅವ್ರ ಮನಿಯವ್ರು ಒಂದಿನ ಆಫೀಸಿಗೆ ಬಂದು, ಆ ನೋಟೀಸೆಲ್ಲಾ ರಬ್ಬರ್ ಬ್ಯಾಂಡ್ ಹಾಕಿದ್ದನ್ನ ಟೇಬಲ್ ಮ್ಯಾಲಿಟ್ಟು, ಇವನ್ನ ಅವ್ರಿಗೆ ಹೆಂಗ ಮುಟ್ಟಸ್ಲಿ ಹೇಳ್ರಿ ಅಂದ್ರು. ಆಫೀಸಿನ್ಯಾಗ ಯಾರೂ ಉಸಿರು ಬಿಡ್ಲಿಲ್ಲ. ಆಗಿದ್ದೇನಂದ್ರ, ಸುದ್ದಿ ಬಂದಾಗ ಗುಮಾಸ್ತ ಅವ್ರ ಸಾಲನ್ನ ಡಿಲೀಟ್ ಮಾಡಿದ್ದ, ಆದ್ರ ನೋಟೀಸಿನ ಲೇಬಲ್ ಬ್ಯಾರೆ ಶೀಟಿನಿಂದ ಹೊಂಡ್ತಿತ್ತು, ಮತ್ತ ಹೊಸಾ ವರ್ಷ ಹಳೇ ಪಟ್ಟಿ ತಂದು ಮ್ಯಾಲ ಸುರವಿದಾಗ ಅಳಿಸಿದ್ದೂ ತಿರುಗಿ ಬಂದಿತ್ತು. ಅದಕ್ಕ ಡಿಲೀಟ್ ಮಾಡೂದಿಲ್ಲ, ತೀರಿಹೋದ ತಾರೀಖು ಹಾಕಿ ಗುರ್ತು ಮಾಡೂದು, ಲೇಬಲ್ಲು, ಮೇಲು, ಮೆಸೇಜು ಏನೇ ಹೊಂಟ್ರೂ ಒಂದೇ ಜಾಗಾದಿಂದ ಹೊಂಡ್ಬೇಕು.

ಎಕ್ಸೆಲ್ ಬಗ್ಗೆ ನೀ ಕೇಳಿಲ್ಲ, ಆದ್ರ ಅಲ್ಲಿ ಎಲ್ಲಾ ಎಕ್ಸೆಲ್ಲಿನ್ಯಾಗ ಇರ್ತೈತಿ ಅನ್ನೂದು ನನಗ ಗೊತ್ತು. ಇಂಗ್ಲೆಂಡಿನ್ಯಾಗ 2020ರ ಸೆಪ್ಟೆಂಬರ್ ಕೊನೀಗೆ, ಅಕ್ಟೋಬರ್ ಶುರುವಿಗೆ ಕೋವಿಡ್ ಪಾಸಿಟಿವ್ ಬಂದ 15,841 ಕೇಸು ಲೆಕ್ಕದಿಂದ ಬಿಟ್ಟುಹೋಗಿದ್ವು, ಕಾರಣ ಹಳೇ ಎಕ್ಸೆಲ್ ಫೈಲ್ ನಮೂನಿಯೊಳಗ 65,536 ಸಾಲಿನ ಮ್ಯಾಲ ಹಿಡಿಯೂದಿಲ್ಲ. ಜೀನ್‌ಗಳ ಹೆಸರನ್ನ ಅದು ತಾರೀಖು ಅಂತ ತಿಳ್ಕೊಂಡು ಬದ್ಲಿ ಮಾಡ್ತೈತಿ ಅಂತ ವಿಜ್ಞಾನಿಗಳು ಕೊನೀಗೆ ಜೀನ್‌ಗಳ ಹೆಸರನ್ನ ಬದ್ಲಿ ಮಾಡಿದ್ರು, ಎಕ್ಸೆಲ್ ಆಗ ಬದ್ಲಾಗ್ಲಿಲ್ಲ, ಅದನ್ನ ಬಂದ್ ಮಾಡೂ ಆಯ್ಕೆ ಬಂದಿದ್ದು 2023ರಾಗ. ನಿಮ್ಮ ಆಫೀಸಿನ್ಯಾಗ ಲ್ಯಾಂಡ್‌ಲೈನ್ 0836 ಇದ್ದದ್ದು 836 ಆಗಿರ್ತೈತಿ, ನೋಡು ಬೇಕಾದ್ರ.

ಕಲಿಯೂದು ಏನು ಅಂದ್ರ ಎಸ್‌ಕ್ಯುಎಲ್, ಡೇಟಾಬೇಸ್ ಜೋಡಿ ಮಾತಾಡೂ ಭಾಷಾ. ಪೋಸ್ಟ್‌ಗ್ರೆಸ್ ಅನ್ನೂ ಡೇಟಾಬೇಸ್ ಸಾಫ್ಟ್‌ವೇರ್ ಫ್ರೀ ಐತಿ, ಮನಿ ಲ್ಯಾಪ್‌ಟಾಪಿಗೆ ಹಾಕ್ಕೊ, ನೂರು ಸುಳ್ಳು ಹೆಸರು ಮಾಡ್ಕೊಂಡು ಪ್ರಾಕ್ಟೀಸ್ ಮಾಡು, ಆಫೀಸಿನ ಖರೇ ಡೇಟಾ ಮನಿಗೆ ತರಬ್ಯಾಡ. ಅಪ್‌ಡೇಟ್ (ಬದ್ಲಿ ಮಾಡೂ ಹುಕುಂ) ಹೊಡ್ಯೂ ಮುಂಚೆ ಅದೇ ವೇರ್ ಕಂಡೀಷನ್ (ಯಾವ ಸಾಲು ಅನ್ನೂ ಷರತ್ತು) ಹಾಕಿ ಸೆಲೆಕ್ಟ್ (ಬರೇ ತೋರ್ಸೂ ಹುಕುಂ) ಹೊಡಿ, ಎಷ್ಟು ಸಾಲು ಬಂದ್ವು ಎಣಿಸು, ಆಮ್ಯಾಲ ಬಿಗಿನ್ ಹಾಕಿ ಅಪ್‌ಡೇಟ್ ಮಾಡು, ಅಷ್ಟ ಸಾಲು ಬದ್ಲಾದ್ರ ಕಮಿಟ್ ಹೊಡದು ಪಕ್ಕಾ ಮಾಡು, ಒಂದು ಹೆಚ್ಚಾದ್ರೂ ರೋಲ್‌ಬ್ಯಾಕ್ ಹೊಡದು ಹಿಂದಕ್ಕ ತಗೋ. ವೇರ್ ಮರತು ಅಪ್‌ಡೇಟ್ ಹೊಡದ್ರ ಊರಿನ ಡಾಕ್ಟರ್‌ಗಳೆಲ್ಲಾ ಒಂದೇ ಮನಿಯಾಗ ವಾಸ ಮಾಡಾಕ ಶುರು ಮಾಡ್ತಾರ.

ಈಗ ಕಹಿ ಮಾತು. ಸಣ್ಣ ಆಫೀಸು, ನಿನ್ನ ಮ್ಯಾಲ ಕಲಿಸಾಕ ಸೀನಿಯರ್ ಯಾರೂ ಇರೂದಿಲ್ಲ, ಪ್ರಮೋಷನ್ ಅನ್ನೂ ಮಾತ ಇಲ್ಲ. ಪದಾಧಿಕಾರಿಗಳು ಬದ್ಲಾದಂಗ ಹುಕುಂ ಬದ್ಲಾಗ್ತಾವು, ಹೋದ ಅಧ್ಯಕ್ಷರು ಬೇಕಂದ ರಿಪೋರ್ಟ್ ಹೊಸಬ್ರಿಗೆ ಬ್ಯಾಡಾಗಿರ್ತೈತಿ. ಡಾಕ್ಟರ್‌ಗಳು ಓಪಿಡಿ ಮುಗಿಸಿ ರಾತ್ರಿ ಫೋನ್ ಮಾಡ್ತಾರ, ಫೋನ್ ತಗೊಳ್ಳೂ ಹೊತ್ತು ಇಷ್ಟು ಅಂತ ಮೊದಲ ದಿನಾನ ಮಾತಾಡ್ಕೊ. ಪಿಎಫ್ ಕೇಳು: ಇಪ್ಪತ್ತು ಮಂದಿ ಇದ್ರಷ್ಟ ಕಡ್ಡಾಯ, ಹತ್ತು ಇಲ್ಲಾ ಅದಕ್ಕೂ ಹೆಚ್ಚು ಮಂದಿ ಇದ್ದು ಪಗಾರ 21,000ದ ಒಳಗ ಇದ್ರ ಇಎಸ್‌ಐ. ನಿಮ್ಮಲ್ಲಿ ಐದಾರು ಮಂದಿ ಇದ್ರ ಎರಡೂ ಇರಾಕಿಲ್ಲ, ಅದರ ಬದ್ಲಿ ಪಗಾರದಾಗ ಏನಾದ್ರೂ ಕೂಡಿಸ್ರಿ ಅಂತ ಕೇಳಾಕ ನಾಚಬ್ಯಾಡ.

ಎರಡು ಮೂರು ವರ್ಷ ಇದ್ದು ಪಟ್ಟಿ ಸ್ವಚ್ಛ ಮಾಡಿ, ಶೀಟಿನಿಂದ ಡೇಟಾಬೇಸಿಗೆ ತಂದು, ಒಂದು ಎಲೆಕ್ಷನ್ ಒಂದು ಕಾನ್ಫರೆನ್ಸ್ ದಾಟಿಸಿದ್ಯಂದ್ರ, ಆಗ ಬೆಂಗಳೂರಿಗೆ ಹೋಗು ಇಲ್ಲಾ ಇಲ್ಲೇ ದೊಡ್ಡ ಆಸ್ಪತ್ರಿ, ಮೆಡಿಕಲ್ ಕಾಲೇಜಿನ ಐಟಿ ವಿಭಾಗಕ್ಕ ಹಾಕು, ಬರೇ ಸರ್ಟಿಫಿಕೇಟ್ ಹಿಡ್ಕೊಂಡು ಬಂದವ್ರಿಗಿಂತ ನಿನಗ ಹೇಳಾಕ ಕೆಲಸ ಇರ್ತೈತಿ. ಎಐ ಬಗ್ಗೆ: ಈ ಇಬ್ಬರೂ ಒಬ್ಬರೇ ಇರಬಹುದು ಅಂತ ಅದು ತೋರಸ್ತೈತಿ, ಛಲೋನ ತೋರಸ್ತೈತಿ, ಫೋನ್ ಮಾಡಿ ಕೇಳೂದು ನೀನ. ಅವ್ವಗ ಹೇಳು, ಎಫ್‌ಡಿಎ ಬರಿಯೂದಾದ್ರ ಪೂರ್ತಿ ಕುಂತು ಬರೀಬೇಕು, ಗದಗ-ಹುಬ್ಬಳ್ಳಿ ರೈಲಿನ್ಯಾಗ ಪುಸ್ತಕ ಹಿಡ್ಕೊಂಡು ಆಗೂ ಮಾತಲ್ಲ. ಯಾವ್ದಾದ್ರೂ ಒಂದು ಆರಿಸ್ಕೊ.

ಪ್ರಶ್ನೆ: ಸರ್, ನಾನು ಹಾವೇರಿ ಕಡೆಯಾವ, ಇಂಥಾದ್ದ ಒಂದು ಸಂಘದಾಗ ಡೇಟಾ ನೋಡ್ಕೊಂತೀನಿ. ಪದಾಧಿಕಾರಿ ಒಬ್ಬರು ಎಲ್ಲಾ ಮೆಂಬರ್‌ಗಳ ಹೆಸರು, ಮೊಬೈಲು, ಮನಿ ಅಡ್ರೆಸ್ ಎಕ್ಸೆಲ್ ಮಾಡಿ ವಾಟ್ಸಾಪಿಗೆ ಹಾಕು ಅಂತಾರ. ಒಂದು ಔಷಧಿ ಕಂಪನಿ ಪ್ರೋಗ್ರಾಮಿಗೆ ರೊಕ್ಕ ಕೊಡ್ತೈತಂತ, ಅವ್ರಿಗೆ ಕೊಡಾಕ. ಎಲೆಕ್ಷನ್ನೂ ಹತ್ರ ಬಂದೈತಿ. ಇಲ್ಲ ಅಂದ್ರ ನೌಕರಿ ಹೋಗ್ತೈತಿ ಅನಸ್ತೈತಿ.

ಉತ್ತರ: ತಮ್ಮಾ, ಮುಖದ ಮ್ಯಾಲ ಇಲ್ಲ ಅನ್ನಬ್ಯಾಡ, ಹೂಂ ಅಂತನೂ ಅನ್ನಬ್ಯಾಡ. "ಸರ್, ಒಂದು ಮೇಲ್ ಹಾಕಿಬಿಡ್ರಿ, ಸೆಕ್ರೆಟರಿಯವ್ರನ್ನ ಸಿಸಿಯೊಳಗ ಇಡ್ರಿ, ಫೈಲಿಗೆ ಬೇಕಾಗ್ತೈತಿ" ಅನ್ನು. ಬರದು ಕೊಡ್ರಿ ಅಂದ ಕೂಡ್ಲೆ ಅರ್ಧ ಮಂದಿ ಆ ಮಾತ ಬಿಟ್ಟುಬಿಡ್ತಾರ.

ಬಿಡ್ಲಿಲ್ಲ ಅಂದ್ರ ಕಾಯ್ದೆ ಹೇಳು. 2023ರಾಗ ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ ಆಗೈತಿ, ಅದರ ನಿಯಮ 2025ರ ನವೆಂಬರಿನ್ಯಾಗ ಬಂದಾವು, ಹಂತ ಹಂತವಾಗಿ ಜಾರಿ ಆಗಾಕತ್ತೈತಿ. ಯಾವ ಕೆಲಸಕ್ಕ ಅಂತ ಹೇಳಿ ಮಾಹಿತಿ ತಗೊಂಡಿರ್ತೀವೋ ಅದಕ್ಕಷ್ಟ ಬಳಸ್ಬೇಕು, ಬ್ಯಾರೆಯವ್ರಿಗೆ ಕೊಡೂದಾದ್ರ ಆ ಮನಿಷಾನ ಒಪ್ಪಿಗಿ ಬೇಕು. ಡೇಟಾ ಸರಿಯಾಗಿ ಕಾಯದ ಸೋರಿತು ಅಂದ್ರ ದಂಡ 250 ಕೋಟಿ ತನಕ ಹಾಕಬಹುದು ಅಂತ ಐತಿ. ನಿಮ್ಮ ಸಂಘಕ್ಕ ಅಷ್ಟು ಹಾಕ್ತಾರಂತಲ್ಲ, ಆದ್ರ ಆ ಅಂಕಿ ಕೇಳಿದ ಮ್ಯಾಲ ಪದಾಧಿಕಾರಿಗಳು ಒಂದು ಸಲ ವಕೀಲರಿಗೆ ಫೋನ್ ಹಚ್ಚತಾರ, ನಿನಗ ಅಷ್ಟ ಬೇಕಾಗಿದ್ದು.

ಬರೇ ಬ್ಯಾಡ ಅಂದ್ರ ನೀನು ಕೆಲಸಗಳ್ಳ ಆಗ್ತಿ, ಅದಕ್ಕ ಇನ್ನೊಂದು ದಾರಿ ಕೈಯಾಗ ಹಿಡ್ಕೊಂಡು ಹೋಗು. ಕಂಪನಿಯವ್ರ ಆಮಂತ್ರಣ ಅವ್ರು ನಮಗ ಕೊಡ್ಲಿ, ಸಂಘದ ಮೇಲಿನಿಂದ ನಾವ ಕಳಸ್ತೀವಿ, ಇಂಥಾ ಮೆಸೇಜ್ ಬರ್ಲಿ ಅಂತ ಒಪ್ಪಿದವ್ರಿಗಷ್ಟ. ಎಲೆಕ್ಷನ್ನಿಗೆ ಬೈಲಾ ನೋಡು, ಓಟರ್ ಲಿಸ್ಟ್ ಅಂದ್ರ ಹೆಸರು ಮತ್ತ ಸದಸ್ಯತ್ವ ನಂಬರು, ಮೊಬೈಲ್ ಅದ್ರಾಗ ಯಾಕ ಬೇಕು? ಒಬ್ಬ ಕ್ಯಾಂಡಿಡೇಟಿಗೆ ಕೊಟ್ಟಿದ್ದು ಎಲ್ಲಾ ಕ್ಯಾಂಡಿಡೇಟಿಗೂ ಅದೇ ದಿನ ಹೋಗ್ಬೇಕು, ನಿನ್ನ ಕೈಯಿಂದ ಅಲ್ಲ, ಚುನಾವಣಾಧಿಕಾರಿ ಕೈಯಿಂದ.

ಒಂದು ಹಳೇ ಹಿಕಮತ್ತು ಹೇಳ್ತೀನಿ. ಪಟ್ಟಿ ಯಾವಾಗ ಹೊರಗ ಹೋದ್ರೂ ಅದ್ರಾಗ ಒಂದು ಸುಳ್ಳು ಹೆಸರು, ನಿಮ್ಮ ಆಫೀಸಿನ ಒಂದು ಹೆಚ್ಚುವರಿ ಸಿಮ್ಮಿನ ನಂಬರ್ ಸೇರಿಸಿ ಬಿಡು, ಪ್ರತಿ ಸಲ ಬ್ಯಾರೆ ಹೆಸರು, ಸೆಕ್ರೆಟರಿಯವ್ರಿಗೆ ಗೊತ್ತಿರಲಿ. ಆ ಹೆಸರು ಹಿಡಿದು ಯಾರಾದ್ರೂ ಫೋನ್ ಮಾಡಿದ್ರ ಯಾವ ಪಟ್ಟಿ ಸೋರಿತು ಅಂತ ಕುಂತಲ್ಲೇ ಗೊತ್ತಾಗ್ತೈತಿ. ಆಮ್ಯಾಲ ಯಾರಿಗೆ, ಯಾವತ್ತು, ಯಾರ ಹೇಳಿಕಿ ಮ್ಯಾಲ ಏನು ಕೊಟ್ಟಿ ಅಂತ ಒಂದು ವಹಿ ಇಡು. ನಿನ್ನ ಸ್ವಂತ ಫೋನಿನ್ಯಾಗ ಆ ಫೈಲ್ ಇದ್ರ ಇವತ್ತ ತಗದು ಹಾಕು.

ಪ್ರಶ್ನೆ: ನಾನು ಧಾರವಾಡದ ನಿವೃತ್ತ ವೈದ್ಯ. ಮನೆ ಬದಲಾಯಿಸಿ ವಿಳಾಸ ಮೂರು ಸಲ ತಿಳಿಸಿದರೂ ಸಂಘದ ಪತ್ರಿಕೆ ಹಳೆಯ ಮನೆಗೇ ಹೋಗುತ್ತದೆ. ಅಲ್ಲಿನ ಬಾಡಿಗೆದಾರರು ಓದುತ್ತಿದ್ದಾರೆ. ಇದಕ್ಕೆ ಕಂಪ್ಯೂಟರ್ ಯಾಕೆ ಬೇಕು?

ಉತ್ತರ: ಡಾಕ್ಟರ್ ಸಾಹೇಬ್ರ, ನಿಮ್ಮ ಅಡ್ರೆಸ್ ಮೂರು ಕಡೆ ಇರ್ತೈತಿ: ಊರಿನ ಶಾಖೆದಾಗ, ರಾಜ್ಯ ಆಫೀಸಿನ್ಯಾಗ, ಮತ್ತ ಪತ್ರಿಕೆ ಅಂಚೆಗೆ ಹಾಕೂ ಪ್ರೆಸ್ಸಿನವ್ರ ಕಂಪ್ಯೂಟರಿನ್ಯಾಗ. ನೀವು ಮೂರು ಸಲ ಹೇಳಿದ್ದು ಮೊದಲನೇ ಕಡೆಗೇ ಇರಬೇಕು. ಪ್ರೆಸ್ಸಿನವ್ರು ಎಂದೋ ಕೊಟ್ಟ ಫೈಲ್ ಇಟ್ಕೊಂಡು ಅದರ ಮ್ಯಾಲ ಲೇಬಲ್ ಹೊಡೀತಿರ್ತಾರ. ಲೇಬಲ್ಲಿನ ಫೋಟೋ ಒಂದು ಬಾಡಿಗಿಯವ್ರ ಕಡೆಯಿಂದ ತರಿಸ್ಕೊಂಡು, ನಿಮ್ಮ ಸದಸ್ಯತ್ವ ನಂಬರ್ ಬರ್ದು, "ಈ ಲೇಬಲ್ ಯಾವ ಪಟ್ಟಿಯಿಂದ ಬಂತು" ಅಂತ ಕೇಳ್ರಿ, ಅಡ್ರೆಸ್ ಬದ್ಲಿ ಮಾಡ್ರಿ ಅಂತ ಕೇಳಬ್ಯಾಡ್ರಿ. ಮತ್ತ ಬಾಡಿಗಿಯವ್ರು ಮೆಡಿಕಲ್ ಪತ್ರಿಕೆ ಓದಾಕತ್ತಾರಂದ್ರ ಸ್ವಲ್ಪ ಹುಷಾರಿರ್ರಿ, ನಾಳೆ ನಿಮಗ ಔಷಧಿ ಹೇಳ್ತಾರ.

ಪ್ರಶ್ನೆ: ನಮಸ್ಕಾರ್ರಿ. ನಾನು ಹುಬ್ಬಳ್ಳಿ ವಿದ್ಯಾನಗರದ ಗೃಹಿಣಿ. ಮಗ ಬೆಂಗಳೂರಾಗ ಡೇಟಾಬೇಸ್ ಕೆಲಸ ಮಾಡ್ತಾನ. ಲಂಡನ್ನಿನ ಡಾಕ್ಟರ್‌ಗಳ ರಾಯಲ್ ಕಾಲೇಜಿನ್ಯಾಗ ಡೇಟಾಬೇಸ್ ಸಪೋರ್ಟ್ ಕೆಲಸ ಐತಂತ ಜಿಗದಾಡಾಕತ್ತಾನ. ಕಾಲೇಜು ಅಂದ್ರ ಅಲ್ಲಿ ಹುಡುಗೂರಿಗೆ ಪಾಠ ಹೇಳ್ತಾರೇನ್ರಿ? ಕಳಸ್ಬೇಕೋ ಬ್ಯಾಡೋ?

ಉತ್ತರ: ಅಕ್ಕಾರ, ಆ ಕಾಲೇಜು ನಮ್ಮ ಹುಬ್ಬಳ್ಳಿ ಬಿವಿಬಿ ಇಂಜಿನಿಯರಿಂಗ್ ಕಾಲೇಜ್ ಇದ್ದಂಗ ಅಲ್ರಿ, ಅದೂ ಡಾಕ್ಟರ್‌ಗಳ ಸಂಘಾನ, ಭಾಳ ಹಳೇದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್‌ಗೆ ಎಂಟನೇ ಹೆನ್ರಿ ರಾಜ ಸನ್ನದು ಕೊಟ್ಟಿದ್ದು 1518ರಾಗ, ಎಡಿನ್‌ಬರೋದ ಸರ್ಜನ್‌ಗಳ ಕಾಲೇಜು ಅದಕ್ಕೂ ಹಿಂದಿಂದು, 1505. ಎಂಆರ್‌ಸಿಪಿ ಅಂತ ಬೋರ್ಡಿನ ಮ್ಯಾಲ ನೋಡಿರ್ತೀರಿ, ಅದು ಅಲ್ಲಿನ ಫಿಜಿಶಿಯನ್ ಕಾಲೇಜುಗಳ ಮೆಂಬರ್‌ಶಿಪ್ ಪರೀಕ್ಷಾ. ಇಲ್ಲಿ ನಮ್ಮಲ್ಲಿ ರೊಕ್ಕ ಕಟ್ಟಿ ಮೆಂಬರ್ ಆಗ್ತಾರ, ಅಲ್ಲಿ ಪರೀಕ್ಷಾ ಪಾಸಾಗ್ಬೇಕು, ಹಂಗಾಗಿ ಡೇಟಾಬೇಸಿನ್ಯಾಗ ಫೀ ಜೋಡಿ ಪರೀಕ್ಷೆದ ಫಲಿತಾಂಶ, ಟ್ರೇನಿಂಗಿನ ದಾಖಲೆ, ಫೆಲೋಶಿಪ್ಪು ಎಲ್ಲಾ ಇರ್ತೈತಿ. ಲೈಸೆನ್ಸ್ ಕೊಡೂದು ಅಲ್ಲೂ ಬ್ಯಾರೆ, ಜನರಲ್ ಮೆಡಿಕಲ್ ಕೌನ್ಸಿಲ್. ಕೆಲಸ ಅಂದ್ರ ಸಿಬ್ಬಂದಿ, ಮೆಂಬರ್‌ಗಳ ಟಿಕೆಟ್ (ಕಂಪ್ಯೂಟರಿನ್ಯಾಗ ಬರೂ ದೂರು) ಬರ್ತಾವು, ಲಾಗಿನ್ ಆಗವಲ್ದು, ಹೆಸರು ತಪ್ಪೈತಿ, ರಿಪೋರ್ಟ್ ಬೇಕು, ಅದನ್ನ ಬಗಿಹರಸೂದು. ಅಲ್ಲಿ ಡೇಟಾ ಕಾಯ್ದೆ ಭಾಳ ಬಿಗಿ, ಜಿಡಿಪಿಆರ್ 2018ರಿಂದ ನಡದೈತಿ, ಕಲಿಯಾಕ ಛಲೋ ಜಾಗಾ.

ಆದ್ರ ವೀಸಾ ನೋಡ್ರಿ. ಆ ಸಂಸ್ಥಾ ಸ್ಪಾನ್ಸರ್ ಮಾಡ್ಬೇಕು, ಮತ್ತ ಸ್ಕಿಲ್ಡ್ ವರ್ಕರ್ ವೀಸಾದ ಪಗಾರದ ಸಾಮಾನ್ಯ ಮಿತಿ 2025ರ ಜುಲೈದಾಗ ವರ್ಷಕ್ಕ 41,700 ಪೌಂಡಿಗೆ ಏರಿಸ್ಯಾರ. ಇಂಥಾ ಕಾಲೇಜುಗಳು ಧರ್ಮಾದಾಯ ಸಂಸ್ಥೆ ಲೆಕ್ಕದಾಗ ನಡಿಯೂವು, ಬ್ಯಾಂಕಿನಷ್ಟು ಪಗಾರ ಕೊಡೂದಿಲ್ಲ. ಸ್ಪಾನ್ಸರ್ ಲೈಸೆನ್ಸ್ ಇದ್ದವ್ರ ಪಟ್ಟಿ ಅಲ್ಲಿನ ಸರ್ಕಾರ ಹೊರಗ ಹಾಕಿರ್ತೈತಿ, ಮೊದಲು ಅದ್ರಾಗ ಹೆಸರು ಹುಡುಕಾಕ ಹೇಳ್ರಿ, ಆಮ್ಯಾಲ ಜಾಹೀರಾತಿನ ಪಗಾರ ನೋಡ್ಲಿ. ಎರಡೂ ಕೂಡಿದ್ರ ಕಳಸ್ರಿ. ಏಜೆಂಟ್ ಅಂತ ಯಾರಾದ್ರೂ ರೊಕ್ಕ ಕೇಳಿದ್ರ ಒಂದು ರೂಪಾಯಿನೂ ಕೊಡಬ್ಯಾಡ್ರಿ.

ಪ್ರಶ್ನೆ: ಸರ್, ರಾಣೆಬೆನ್ನೂರಿನಿಂದ. ನಮ್ಮ ಸಂಘದ ಡೇಟಾ ದಿನಾ ರಾತ್ರಿ ತಾನಾಗೇ ಬ್ಯಾಕಪ್ ಆಗ್ತೈತಿ, ಹಸಿರು ಟಿಕ್ ಮಾರ್ಕ್ ಬರ್ತೈತಿ. ಸಾಕಲ್ಲ?

ಉತ್ತರ: ಸಾಲೂದಿಲ್ಲ. ಗಿಟ್‌ಲ್ಯಾಬ್ ಅಂತ ದೊಡ್ಡ ಕಂಪನಿ, 2017ರ ಜನವರಿ 31ಕ್ಕ ಅವ್ರ ಇಂಜಿನಿಯರ್ ಒಬ್ಬ ತಪ್ಪಿ ಖರೇ ಸರ್ವರಿನ ಡೇಟಾಬೇಸ್ ಅಳಿಸಿಬಿಟ್ಟ. ಬ್ಯಾಕಪ್ಪಿಗೆ ಐದು ಥರದ ವ್ಯವಸ್ಥಾ ಇಟ್ಟಿದ್ರು, ತಗದು ನೋಡಿದ್ರ ಒಂದೂ ಸರಿಯಾಗಿ ಕೆಲಸ ಮಾಡ್ತಿದ್ದಿಲ್ಲ, ಸುದೈವಕ್ಕ ಆರು ತಾಸು ಮೊದಲು ಒಬ್ಬರು ಕೈಯಿಂದ ತಗದಿಟ್ಟಿದ್ದ ಕಾಪಿ ಸಿಕ್ತು. ನಿಮ್ಮ ಹಸಿರು ಟಿಕ್ಕು ಫೈಲ್ ಹುಟ್ಟಿತು ಅಂತಷ್ಟ ಹೇಳ್ತೈತಿ, ಒಳಗ ಏನೈತಿ ಅಂತ ಹೇಳೂದಿಲ್ಲ. ಶನಿವಾರ ಮಧ್ಯಾಹ್ನ ಆಫೀಸ್ ಖಾಲಿ ಇದ್ದಾಗ ಬ್ಯಾರೆ ಕಂಪ್ಯೂಟರಿನ ಮ್ಯಾಲ ಆ ಬ್ಯಾಕಪ್ ರಿಸ್ಟೋರ್ ಮಾಡ್ರಿ, ಸದಸ್ಯರ ಒಟ್ಟು ಎಣಿಕಿ ಎರಡೂ ಕಡೆ ಹೊಂದ್ತೈತೇನು ನೋಡ್ರಿ, ಕೊನೀ ರಸೀದಿ ನಂಬರ್ ಬಂದೈತೇನು ನೋಡ್ರಿ, ಎಷ್ಟು ಹೊತ್ತು ಹಿಡೀತು ಬರ್ದಿಡ್ರಿ, ಆಮ್ಯಾಲ ಆ ಕಂಪ್ಯೂಟರಿನಿಂದ ಅದನ್ನ ಅಳಿಸೂದು ಮರೀಬ್ಯಾಡ್ರಿ.